ಕೈ ಅಳಿಸುವಾಕಿ

ಆರು ತಿಂಗಳ ಕೂಸು ತಾನಾಗಿ ಕೂರುವುದಿಲ್ಲ. ಕೂರಿಸಿದರೂ ಕಣ್ಣು ಮಿಟುಕಿಸುವುದರೊಳಗೆ ಪಕ್ಕಕ್ಕೆ ವಾಲುತ್ತದೆ. ಆದರೆ ತಿಕೋಟಾ ಬಸ್‌ಸ್ಟ್ಯಾಂಡಿನ ಎದುರಿಗಿರುವ ಆಫ್ತಾಬನ ಸ್ಟುಡಿಯೋದ ಫೋಟೋಗಳಲ್ಲಿ ಕೂಸುಗಳು ಸಾಹುಕಾರರಂತೆ ಕೂತಿರುತ್ತವೆ, ಕೆಲವಂತೂ ನಿಂತೇ ಬಿಟ್ಟಿರುತ್ತವೆ. ಹಿಂದೆ ಕರಿ ಚಾದರ ಹೊದ್ದು ಮುದುಡಿ ಕೂತ ತಾಯಿಯೂ ಕೂಸಿನ ಕಂಕುಳಿಗೆ ಕೊಟ್ಟ ಅವಳ ಎರಡು ಕೈಗಳೂ ಫೋಟೋ ತೆಗೆಯುವಾಗ ಇರುತ್ತವೆ, ಫೋಟೋ ಮನೆಗೆ ಹೋಗುವಾಗ ಇರುವುದಿಲ್ಲ. ಆ ಕೈಗಳನ್ನು ಅಳಿಸುವ ಕೆಲಸ ಆಫ್ತಾಬನ ಹೆಂಡತಿ ಸಮ್ರೀನಳದು.

ಕಂಪ್ಯೂಟರ್ ಇರುವುದು ಅಂಗಡಿಗೂ ಅಡುಗೆಮನೆಗೂ ನಡುವಿನ ಕೋಣೆಯಲ್ಲಿ. ಪರದೆ ಸರಿಸಿದರೆ ಅಂಗಡಿ, ಹೊಸ್ತಿಲು ದಾಟಿದರೆ ಒಲೆ. ಬೆಳಿಗ್ಗೆ ರೊಟ್ಟಿ ಬಡಿದು, ಗಂಡನಿಗೂ ಅತ್ತೆ ಪೀರಾಂಬಿಗೂ ಬಡಿಸಿ, ಮಗಳು ಜೀನತಳನ್ನು ಶಾಲೆಗೆ ಕಳಿಸಿ, ನೀರು ಬಿಟ್ಟ ದಿನವಾದರೆ ಕೊಡ, ಬಕೆಟ್ಟು, ಡ್ರಮ್ಮುಗಳನ್ನೆಲ್ಲ ತುಂಬಿಟ್ಟು, ಬಟ್ಟೆ ಒಗೆದು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವಳು ಮೌಸ್ ಹಿಡಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಮೌಸಿನ ಸಂದಿಯಲ್ಲಿ ಯಾವಾಗಲೂ ಜೋಳದ ಹಿಟ್ಟು. "ಕಂಪ್ಯೂಟರಿಗೂ ರೊಟ್ಟಿ ತಿನಸ್ತೀಯೇನ?" ಎಂದು ಆಫ್ತಾಬ ನಗೆಯಾಡುತ್ತಾನೆ. ಆ ಹಿಟ್ಟನ್ನು ಊದಿ ಒರೆಸುವವಳೂ ಅವಳೇ.

ಮದುವೆಗೆ ಮುಂಚೆ ಅವಳು ಕಾಖಂಡಕಿಯಿಂದ ದಿನಾ ಬಸ್ಸು ಹಿಡಿದು ವಿಜಯಪುರದ ಒಂದು ಕಲರ್ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಪಾಪ್-ಔಟ್ ಮಾಡುವುದನ್ನು ಕಲಿತದ್ದು ಅಲ್ಲೇ. ತಿಕೋಟಾದ ಬಾಯಲ್ಲಿ ಅದು 'ಹೊರಗ ಬರೂ ಫೋಟೋ' ಆಯಿತು. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಪೀರಾಂಬಿ ಅಡಿಕೆ ಕತ್ತರಿಸುತ್ತ ಸೊಸೆಯ ಬೆನ್ನ ಹಿಂದೆ ಬಂದು ಕೂತು, "ಏನದು, ದಿನಾ ಕೆರಕೋಂತ ಕುಂದರತೀಯಲ್ಲ?" ಎಂದು ಕೇಳಿದ್ದಳು.

"ಸಣ್ಣ ಹುಡುಗರು ಕಿಡಕ್ಯಾಗ ಕುಂತು ಒಂದ ಕಾಲ ಹೊರಗ ಬಿಡತಾರಲ್ಲ ಅಮ್ಮಾ, ಹಂಗ" ಎಂದಿದ್ದಳು ಸಮ್ರೀನ. "ಫೋಟೋದ ಮ್ಯಾಲ ಒಂದ ಬಿಳಿ ಚೌಕಟ್ಟ ಬರೀಬೇಕರಿ ಅಮ್ಮಾ. ಚೌಕಟ್ಟಿನ ಹೊರಗ ಏನೇನೈತಿ ಎಲ್ಲಾ ಅಳಸಬೇಕು. ಆದ್ರ ಹುಡುಗಂದು ಒಂದ ಕಾಲ, ಒಂದ ಕೈ, ತಲಿ, ಇಷ್ಟ ಅಳಸಬಾರದು. ಅದರ ಬುಡಕ ಒಂಚೂರ ನೆಳ್ಳ ಹಾಕಿದ್ರ ಮುಗೀತು. ನೋಡಾವ್ರಿಗೆ ಫೋಟೋದಾಗಿಂದ ಎದ್ದ ಬಂದಂಗ ಕಾಣತೈತಿ."

"ಮತ್ತ ಹಿಂದ ಹಿಡಕೊಂಡಾಕಿ?"

"ಆಕಿ ಒಳಗೂ ಇರೂದಿಲ್ಲ, ಹೊರಗೂ ಇರೂದಿಲ್ರಿ."

ಪೀರಾಂಬಿ ಅಡಿಕೆಯ ಹೋಳು ಬಾಯಿಗೆ ಹಾಕಿಕೊಂಡಳು. "ನಾ ಐದ ಮಕ್ಕಳ ಹಡದೀನಿ. ನನ್ನದೊಂದ ಫೋಟೋ ಇಲ್ಲ. ನಿನಗ ಅಳಸೂ ತ್ರಾಸ ಸೈತ ಕೊಡಲಿಲ್ಲ ನೋಡ ನಾ" ಎಂದು ನಕ್ಕಳು.

ಜೀನತ ಹುಟ್ಟಿದ ಮೇಲೆ ಅವಳದೇ ಒಂದು ಹೊರಗ ಬರೂ ಫೋಟೋ ಮಾಡಿ ಅಂಗಡಿಯ ಗೋಡೆಗೆ ಹಾಕಿದರು, ಗಿರಾಕಿಗಳಿಗೆ ತೋರಿಸಲಿಕ್ಕೆ. ಅದರಲ್ಲಿ ಜೀನತ ಚೌಕಟ್ಟಿನಾಚೆ ಕಾಲಿಟ್ಟು ನಿಂತಿದ್ದಾಳೆ. ಅವಳನ್ನು ಹಿಡಿದಿದ್ದ ತನ್ನ ಕೈಗಳನ್ನು ಸಮ್ರೀನ ತಾನೇ ಅಳಿಸಿದ್ದಳು. ಒಂದು ಹಸಿರು ಬಳೆಯ ಚೂರು ಕೂಸಿನ ತೋಳಿನ ಪಕ್ಕ ಉಳಿದುಹೋಗಿತ್ತು. "ನಿನ್ನ ಬಳಿ ಉಳದೈತಿ ನೋಡ" ಎಂದು ಆಫ್ತಾಬ ತೋರಿಸಿದ ಮೇಲೆ ಅದನ್ನೂ ಅಳಿಸಿದಳು. ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಕೆಲಸ ಅಚ್ಚುಕಟ್ಟಾಯಿತು ಅನ್ನಿಸಿತ್ತು, ಅಷ್ಟೇ.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಬಬಲೇಶ್ವರದಿಂದ ಭಾಗಪ್ಪ ಬಂದ. ಸಂತೆಯಲ್ಲಿ ಮೂಟೆ ಹೊತ್ತು ಹೊತ್ತು ಬೆನ್ನು ಬಾಗಿದ ಮುದುಕ, ಹೆಗಲ ಮೇಲೆ ನೀಲಿ ಟವೆಲ್ಲು. ವಿಜಯಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದ. ಜೊತೆಗೆ ಸೊಸೆ ಆಮ್ರಪಾಲಿ, ಅವಳ ಸೊಂಟದ ಮೇಲೆ ಮೊಮ್ಮಗ ಕುನಾಲ. ಅಂಗಡಿಯೊಳಗೆ ಬಂದವನೇ ಗೋಡೆಯ ಮೇಲಿನ ಜೀನತಳನ್ನು ನೋಡುತ್ತ ನಿಂತುಬಿಟ್ಟ.

"ಇದನ್ನ ಮಾಡಿದಾವ್ರು ನೀವ ಏನ್ರಿ?"

"ಹೌದ್ರಿ, ನಾವ" ಎಂದ ಆಫ್ತಾಬ. ಪರದೆಯ ಈಚೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಸಮ್ರೀನಳಿಗೆ ಎಲ್ಲ ಕೇಳಿಸುತ್ತಿತ್ತು.

"ನಮ್ಮ ಊರ ಸರ್ಕಲ್‌ನ್ಯಾಗ ಒಂದ ಬ್ಯಾನರ್ ಹಚ್ಯಾರ್ರಿ. ಹುಡುಗ ಬ್ಯಾಟ ಹಿಡಕೊಂಡ ಹೊರಗ ಜಿಗದಾನ. ಕೆಳಗ ನಿಮ್ಮ ನಂಬರ ಇತ್ತು, ಓದಿಸಿಕೊಂಡ ಬಂದೀನಿ. ನನ್ನ ಮೊಮ್ಮಗಂದು ಹುಟ್ಟುಹಬ್ಬ ಐತಿ. ನಾಕ ತುಂಬತಾವು. ಅವನ್ನ ನಿಂದ್ರಸಬೇಕ್ರಿ. ಒಂದ ಕಾಲ ಹೊರಗ ಇಟ್ಟ ನಡಕೋಂತ ಬಂದಂಗ."

"ಅದಕ್ಕೇನ್ರಿ, ನಿಂದ್ರಸೂಣು. ಏ ಸಾಹುಕಾರ, ಇಳೀಪಾ ಕೆಳಗ, ನಿಂದರ ಇಲ್ಲಿ."

ಭಾಗಪ್ಪನ ದನಿ ಸಣ್ಣಗೆ ಕೇಳಿತು. "ಅವಾ ನಿಂದರೂದಿಲ್ರಿ ಯಪ್ಪಾ. ಅದಕ್ಕ ನಿಮ್ಮ ಕಡೆ ಬಂದೀನಿ."

ಹುಡುಗನ ಚಡ್ಡಿ ಬದಲಿಸಬೇಕಿತ್ತು. ಆಮ್ರಪಾಲಿ ಪರದೆ ಸರಿಸಿ ಒಳಗೆ ಬಂದಳು. ಎಳೆ ಹರೆಯ, ಆದರೆ ಮುಂಗೈ ಮಾತ್ರ ಕುಸ್ತಿ ಆಡುವವರದು. ಕುನಾಲನ ಕಾಲುಗಳು ಉದ್ದವಾಗಿದ್ದವು, ಹಿಮ್ಮಡಿ ಮೇಲೆದ್ದು ಬೆರಳ ತುದಿ ನೆಲಕ್ಕೆ ಚಾಚಿತ್ತು, ಎರಡೂ ಪಾದ ಒಂದಕ್ಕೊಂದು ಕತ್ತರಿ ಹಾಕಿದ್ದವು. ತಿರುಗುವ ಫ್ಯಾನು ನೋಡಿ ಅವನು ಕಿಲಕಿಲ ನಗುತ್ತಿದ್ದ. ಸಮ್ರೀನ ತಂಬಿಗೆಯಲ್ಲಿ ನೀರು ತಂದಳು. ಆಮ್ರಪಾಲಿಗೆ ಬಾಯಾರಿತ್ತು, ತಂಬಿಗೆ ತೆಗೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದು ಕೈ ಹುಡುಗನ ಕುತ್ತಿಗೆಗೆ, ಇನ್ನೊಂದು ನಡುವಿಗೆ. ಸಮ್ರೀನ ತಂಬಿಗೆಯನ್ನು ಅವಳ ಬಾಯಿಗೇ ಹಿಡಿದಳು.

"ಹುಟ್ಟಿದ ಕೂಡ್ಲೆ ಅಳಲಿಲ್ಲ ಅಕ್ಕಾ, ತಡಾ ಮಾಡಿ ಅತ್ತಾನ" ಎಂದಳು ಆಮ್ರಪಾಲಿ, ತುಟಿ ಒರೆಸಿಕೊಳ್ಳದೆ. "ವಾರಕ್ಕೊಮ್ಮಿ ವಿಜಾಪುರಕ್ಕ ಹೊತ್ತಕೊಂಡ ಹೋಗ್ತೀನಿ, ವ್ಯಾಯಾಮ ಮಾಡಸ್ತಾರ. ಮನ್ಯಾಗ ಮುಂಜಾನಿ ಸಂಜಿಕ ನಾನ ಕಾಲ ತಿಕ್ಕಿ ಮಾಡಸ್ತೀನಿ. ಹೋದ ವರ್ಷ ಕುತಿಗಿ ನಿಂದರತಿರಲಿಲ್ಲ. ಈಗ ನೋಡ್ರಿ, ಹೆಂಗ ತಿರಗಿಸ್ಯಾನ."

"ಮನ್ಯಾವ್ರು?"

"ಲಾರಿ ಹೊಡೀತಾರ. ದ್ರಾಕ್ಷಿ ಹೇರಕೊಂಡ ಸಾಂಗಲಿ ಕಡೆ. ಫೋನಿನ್ಯಾಗ ಇರ್ತಾರ." ಇಬ್ಬರೂ ನಕ್ಕರು. ಆಮೇಲೆ ಆಮ್ರಪಾಲಿ ಪರದೆಯ ಕಡೆ ನೋಡಿ ದನಿ ಇಳಿಸಿದಳು. "ಅಕ್ಕಾ, ಒಂದ ಮಾತ ಕೇಳಲಿ? ನನ್ನ ಕೈ ಇರಲಿ ಫೋಟೋದಾಗ. ಮಾರಿ ಬ್ಯಾಡ, ಕೈ ಅಷ್ಟ. ನಾ ಹಿಡದ ನಿಂದ್ರಿಸೀನಿ ಅಂತ ಮಂದಿಗೆ ಗೊತ್ತಾಗಲಿ."

"ನೋಡೂಣು ತಂಗಿ" ಎಂದಳು ಸಮ್ರೀನ. ಆ ಮನೆಯಲ್ಲಿ ತವರಿಗೆ ಹೋಗಿಬರುವ ಮಾತಿಗೆ, ಮತ್ತೆ ಲ್ಯಾಬಿನ ಕೆಲಸಕ್ಕೆ ಹೋಗುವ ಮಾತಿಗೆ ಅವಳಿಗೆ ಸಿಕ್ಕ ಉತ್ತರವೂ 'ನೋಡೂಣು' ಎಂಬುದೇ. ಅದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಫೋಟೋ ತೆಗೆಯುವಾಗ ಭಾಗಪ್ಪ ಕ್ಯಾಮೆರಾದ ಪಕ್ಕದಲ್ಲೇ ನಿಂತು ಚಿಟಿಕೆ ಹೊಡೆಯುತ್ತಿದ್ದ. "ಕುನ್ಯಾ! ಲೇ ಕುನ್ಯಾ! ಇಲ್ಲಿ ನೋಡಲೇ ಹುಲಿಯಾ!" ಕರಿ ಚಾದರದೊಳಗಿಂದ ಆಮ್ರಪಾಲಿಯ ಎರಡು ಕೈ ಹೊರಬಂದು ಹುಡುಗನ ಕಂಕುಳಿಗೆ ಆತುಕೊಂಡಿದ್ದವು. ಅವನ ಪೂರಾ ಭಾರ ಅವುಗಳ ಮೇಲಿತ್ತು. ಹುಡುಗ ನಗಲಿಲ್ಲ, ಪಕ್ಕಕ್ಕೆ ನೋಡಿದ, ಜೊಲ್ಲು ಸುರಿಸಿದ, ಆಫ್ತಾಬ ಮತ್ತೆ ಮತ್ತೆ ತೆಗೆದ. ಕೈಗಳು ನಡುಗತೊಡಗಿದವು. ಕೊನೆಗೊಮ್ಮೆ ಅಜ್ಜ ಟವೆಲ್ಲನ್ನು ತಲೆಗೆ ಸುತ್ತಿ ಕುಣಿದಾಗ ಹುಡುಗ ಬಾಯ್ತುಂಬ ನಕ್ಕ.

ಮರುದಿನ ಸಮ್ರೀನ ಆ ಫೋಟೋ ತೆರೆದು ಕೂತಳು. ಬೇರೆ ತಾಯಂದಿರ ಕೈ ಕೂಸನ್ನು ಹೂವಿನ ಹಾಗೆ ಹಿಡಿದಿರುತ್ತವೆ. ಇವಳ ಕೈ ಬಾವಿಯಿಂದ ಮೇಲೆಳೆದ ತುಂಬಿದ ಕೊಡವನ್ನು ಹಿಡಿದಂತೆ ಹಿಡಿದಿದ್ದವು. ಹೆಬ್ಬೆರಳು ಮುಂದೆ, ಉಳಿದ ಬೆರಳು ಹಿಂದೆ, ಉಗುರುಗಳು ಬಿಳಿಚಿದ್ದವು. ಸಮ್ರೀನ ಚೌಕಟ್ಟು ಬರೆದಳು, ಕಾಲು ಹೊರಗೆ ಬಿಟ್ಟಳು, ಆದರೆ ಕೈಗಳನ್ನು ಮುಟ್ಟಲಿಲ್ಲ. ಹಾಗೆಯೇ ಉಳಿಸಿ ಗಂಡನ ಮೊಬೈಲಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಆಫ್ತಾಬ ಪರದೆ ಸರಿಸಿದ. "ಮುದುಕನ ಮೊಬೈಲಿಗೆ ಕಳಿಸಿದ್ದೆ, ಅವಾ ಫೋನ್ ಮಾಡಿದ್ದ. ಕೈ ಕಾಣತಾವಲ್ಲ ಅಂತಾನ. ಗ್ವಾಡಿ ಮ್ಯಾಲಿನ ಹುಡಿಗಿಗೆ ಕೈ ಇಲ್ಲ, ನಮ್ಮ ಹುಡುಗಗ ಯಾಕ ಅಂತ ಕೇಳಾಕತ್ತಾನ."

"ಆ ಹುಡುಗನ ತಾಯಿ ಇರಲಿ ಅಂದಿದ್ಲು."

"ಬ್ಯಾನರ್ ಮಾಡಸಾಕ ಬಂದಾವ ಯಾರು? ತಗದಬಿಡ."

ಅವಳು ತೆಗೆಯತೊಡಗಿದಳು. ಒಂದೊಂದೇ ಬೆರಳು. ಬೆರಳಿದ್ದ ಜಾಗಕ್ಕೆ ಅಂಗಿಯ ಗೆರೆ ತಂದು ಜೋಡಿಸಿದಳು. ಹಿಡಿತಕ್ಕೆ ಕಂಕುಳಲ್ಲಿ ಮುದ್ದೆಯಾಗಿದ್ದ ಬಟ್ಟೆಯನ್ನು ನೇರ ಮಾಡಿದಳು. ಕತ್ತರಿ ಹಾಕಿದ ಪಾದಗಳನ್ನು ಬಿಡಿಸಿ, ಮೇಲೆದ್ದ ಹಿಮ್ಮಡಿಯನ್ನು ತುಸುವೇ ತಿರುಗಿಸಿ ನೆಲಕ್ಕೆ ಹತ್ತಿಸಿದಳು. ಇದನ್ನು ಯಾರೂ ಕೇಳಿರಲಿಲ್ಲ. ಕೆಲಸ ಕೈಹಿಡಿದಾಗ ನಿಲ್ಲಿಸುವುದು ಕಷ್ಟ. ಪಾದದ ಬುಡಕ್ಕೆ ನೆರಳು ಬಿದ್ದದ್ದೇ ತಡ, ಹುಡುಗ ನಗುತ್ತ ಚೌಕಟ್ಟು ದಾಟಿ ತನ್ನ ಕಡೆಗೇ ನಡೆದು ಬಂದಂತಾಯಿತು. ಅಂಥ ಕೆಲಸ ಅದುವರೆಗೆ ಅವಳ ಕೈಯಲ್ಲಿ ಆಗಿರಲಿಲ್ಲ. ನಲ್ಲಿಗೆ ನೀರು ಬಂದಿತೆಂದು ಪೀರಾಂಬಿ ಕೂಗಿದಳು. ಸಮ್ರೀನ ಎದ್ದಳು.

ಪ್ರಿಂಟಿಗೆ ಹೋದ ಫೈಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿಬಿಡುವುದು ಅವರ ಪದ್ಧತಿ. ಕಂಪ್ಯೂಟರ್ ಹಳೆಯದು, ಜಾಗವಿಲ್ಲ. ಬ್ಯಾನರಿನ ಫೈಲು ವಿಜಯಪುರದ ಫ್ಲೆಕ್ಸ್ ಅಂಗಡಿಗೆ ಹೋಯಿತು. ಕ್ಯಾಮೆರಾದ ಕಾರ್ಡಿನಲ್ಲಿ ಯಾರದೋ ನಿಶ್ಚಿತಾರ್ಥ ತುಂಬಿಕೊಂಡಿತು.

ಬಿಸಿಲು ಬಲಿತ ಮೇಲೆ ಒಂದು ಮಧ್ಯಾಹ್ನ ಆಮ್ರಪಾಲಿ ಒಬ್ಬಳೇ ಬಂದಳು. ಕುನಾಲ ಅವಳ ಹೆಗಲ ಮೇಲೆ ಮಲಗಿದ್ದ, ಗದ್ದದಲ್ಲಿ ಹೊಲಿಗೆ, ಸುತ್ತ ಅರಿಶಿನ ಬಣ್ಣದ ಔಷಧ. ಆಫ್ತಾಬ ಊಟ ಮಾಡಿ ಮಲಗಿದ್ದ. ಆಮ್ರಪಾಲಿ ಅಂಗಡಿಯಲ್ಲಿ ನಿಲ್ಲದೆ ನೇರ ಪರದೆ ಸರಿಸಿ ಒಳಗೆ ಬಂದು ನೆಲದ ಮೇಲೆ ಕೂತಳು.

"ನನ್ನ ಕೈ ತಿರುಗಿ ಹಾಕಿಕೊಡ್ರಿ ಅಕ್ಕಾ."

ಸಮ್ರೀನಳಿಗೆ ಮೊದಲು ಅರ್ಥವಾಗಲಿಲ್ಲ. ಆಮ್ರಪಾಲಿ ಹೇಳುತ್ತ ಹೋದಳು. ಬ್ಯಾನರು ಸರ್ಕಲ್ಲಿನಲ್ಲಿ ಕಟ್ಟಿದ ದಿನ ಮಾವ ಸಂತೆಯ ಹಮಾಲರಿಗೆಲ್ಲ ಚಹಾ ಕುಡಿಸಿದ್ದ. "ಭಾಗಪ್ಪಾ, ಮೊಮ್ಮಗ ನಿಂತಾನಲೋ!" ಎಂದು ಯಾರಾದರೂ ಅಂದರೆ ಮೊದಮೊದಲು, "ಇಲ್ಲೋ ಮಾರಾಯಾ, ಕಂಪ್ಯೂಟರ್‌ನ್ಯಾಗ ನಿಂದ್ರಸ್ಯಾರ" ಎನ್ನುತ್ತಿದ್ದ. ಎರಡು ದಿನದ ಮೇಲೆ ಹಾಗೆ ಹೇಳುವುದನ್ನು ಬಿಟ್ಟ. ಹುಟ್ಟುಹಬ್ಬ ಮುಗಿದ ಮೇಲೆ ಬ್ಯಾನರನ್ನು ಬಿಚ್ಚಿ ತಂದು ಮನೆಯ ಗೋಡೆಗೆ ಹೊಡೆದ. ಈಗ ದಿನಾ ಬೆಳಿಗ್ಗೆ ಹುಡುಗನನ್ನು ಅದರ ಕೆಳಗೆ ಗೋಡೆಗೆ ಆನಿಸಿ ನಿಲ್ಲಿಸುತ್ತಾನೆ. 'ಅದರಾಗ ನಿಂತೀಯಲ್ಲಲೇ, ಇಲ್ಲ್ಯಾಕ ನಿಂದರವಲ್ಲಿ?' ಎನ್ನುತ್ತಾನೆ. ಮುದ್ದು ಮಾಡಿಯೇ ಹೇಳುತ್ತಾನೆ, ಬೆಲ್ಲ ತೋರಿಸಿ ಹೇಳುತ್ತಾನೆ. ಕೈ ಬಿಡುತ್ತಾನೆ.

"ಮೊನ್ನೆ ಹಂಗ ಬಿಟ್ಟಾಗ ಗದ್ದ ಒಡಕೊಂಡ" ಎಂದಳು ಆಮ್ರಪಾಲಿ. "ಅತ್ತಿ ಏನಂದ್ಲು ಗೊತ್ತೇನು? 'ನೀನ ಎತ್ತಿ ಎತ್ತಿ ಅವನ ಕಾಲ ಮೆತ್ತಗ ಮಾಡೀದಿ, ನಿಂದರೂ ಹುಡುಗನ್ನ ಕುಂಟ ಮಾಡೀದಿ.' ಓಣ್ಯಾಗ ಮೊದಲ ಅಯ್ಯೋ ಪಾಪ ಅಂತಿದ್ರು, ಜೀಪಿನ್ಯಾಗ ಜಾಗಾ ಬಿಡತಿದ್ರು. ಈಗ 'ಎಷ್ಟ ದಿನಾ ಹೊತಗೊಂಡ ತಿರಗತೀ ಬೇ, ಇಳಸಲ್ಲ ಕೆಳಗ' ಅಂತಾರ. ವಿಜಾಪುರದ ವ್ಯಾಯಾಮ ಬಂದ್ ಮಾಡಿಸ್ಯಾರ. ನಿಂತಾನ, ಇನ್ನ ಯಾಕಂತ. ನನ್ನನ್ನ ಒಣದ್ರಾಕ್ಷಿ ಶೆಡ್ಡಿಗೆ ಆರಿಸಾಕ ಹೋಗು ಅಂತಾರ, ಹುಡುಗನ್ನ ಮುದುಕಾ ನೋಡಕೋತಾನಂತ. ಇವರಿಗೆ ಫೋನ್ ಮಾಡಿದ್ರ, ಅಪ್ಪ ಹೇಳಿದಂಗ ಕೇಳು ಅಂತಾರ."

ಸಮ್ರೀನ ಕುನಾಲನ ಪಾದ ಮುಟ್ಟಿದಳು. ಅದೇ ಪಾದ. ತಾನು ನೆಲಕ್ಕೆ ಹತ್ತಿಸಿದ ಹಿಮ್ಮಡಿ.

"ಮಾವ ನನ್ನ ಮಾತ ನಂಬೂದಿಲ್ಲ, ಫೋಟೋ ನಂಬತಾನ" ಎಂದಳು ಆಮ್ರಪಾಲಿ. "ಫೋಟೋದಾಗ ನನ್ನ ಕೈ ಕಂಡ್ರ ನಂಬಬಹುದು. ಹಾಕಿಕೊಡ್ರಿ. ಅಳಸಿದಾಕಿ ನೀವ ಅಲ್ಲೇನು, ಸಾಹೇಬ್ರ ಅಲ್ಲ. ಅವತ್ತ ನಿಮ್ಮ ಮೌಸಿನ ಮ್ಯಾಗ ಹಿಟ್ಟ ನೋಡೀನಿ ನಾ."

ಸಮ್ರೀನ ಕಂಪ್ಯೂಟರ್ ಹಚ್ಚಿ ಹುಡುಕಿದಳು. ಇಲ್ಲವೆಂದು ಗೊತ್ತಿದ್ದೂ ಹುಡುಕಿದಳು. ಗಂಡನ ಮೊಬೈಲಿನಲ್ಲಿ ನೋಡಿದಳು, ತಾನು ಕಳಿಸಿದ್ದ ಕೈಗಳಿದ್ದ ಫೋಟೋವನ್ನು ಅವನು ಎಂದೋ ಅಳಿಸಿದ್ದ. "ಮಾವನ ಮೊಬೈಲಿನ್ಯಾಗೂ ಇಲ್ರಿ, ಬ್ಯಾನರ್ ಬಂದ ದಿನಾನ ಅಳಸ್ಯಾನ" ಎಂದಳು ಆಮ್ರಪಾಲಿ. ಉಳಿದದ್ದು ಬ್ಯಾನರಿಗೆ ಹೋದ ಫೈಲೊಂದೇ. ಅದರಲ್ಲಿ ಅಂಗಿ ನಯವಾಗಿತ್ತು, ಹಿಮ್ಮಡಿ ನೆಲದ ಮೇಲಿತ್ತು. ಅಳಿಸಿದ್ದನ್ನು ಮರಳಿ ತರುವ ಗುಂಡಿ ಕೀಲಿಮಣೆಯ ಮೇಲೆ ಇದೆ, ಆದರೆ ಅದು ಫೈಲು ಮುಚ್ಚುವ ತನಕ ಮಾತ್ರ.

"ಹೊಸದಾಗಿ ತಗೀತೀನಿ ತಂಗಿ. ನಿನ್ನ ಕೈ ಇಷ್ಟ."

ಹುಡುಗನನ್ನು ಮತ್ತೆ ನಿಲ್ಲಿಸುವಂತಿರಲಿಲ್ಲ, ನೋವಿನಲ್ಲಿ ಈಗಷ್ಟೇ ನಿದ್ದೆ ಹೋಗಿದ್ದ. ಸಮ್ರೀನ ಅಡುಗೆಮನೆಯಿಂದ ಜೋಳದ ಹಿಟ್ಟಿನ ಡಬ್ಬಿ ತಂದಳು. ಆಮ್ರಪಾಲಿ ಹುಡುಗನನ್ನು ಚಾಪೆಯ ಮೇಲೆ ಮಲಗಿಸಿ, ಕರಿ ಚಾದರ ಹೊದ್ದು ಡಬ್ಬಿಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದಳು. "ಇದ ಅವನಷ್ಟ ವಜ್ಜಿ ಇಲ್ಲ" ಎಂದಳು. ಬಾಗಿಲಲ್ಲಿ ನಿಂತ ಪೀರಾಂಬಿ, "ಏನ ನಡಿಸೀರಿ, ಹಿಟ್ಟಿನ ಡಬ್ಬಿಗೆ ಹುಟ್ಟುಹಬ್ಬ ಏನ?" ಎಂದವಳು ಇಬ್ಬರ ಮುಖ ನೋಡಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಸಮ್ರೀನ ಮೊಬೈಲಿನಲ್ಲಿ ಆ ಕೈಗಳ ಫೋಟೋ ತೆಗೆದಳು.

ಕೂತು ಜೋಡಿಸಿದಳು. ಬೆಳಕು ಕೂಡಲಿಲ್ಲ. ಅಲ್ಲಿ ಬೆಳಕು ಎಡದಿಂದ, ಇಲ್ಲಿ ಮೇಲಿನಿಂದ. ಹುಡುಗನ ಅಂಗಿಯಲ್ಲಿ ಹಿಡಿತದ ಸುಕ್ಕಿಲ್ಲ. ಬೆರಳುಗಳು ಭಾರ ಹೊತ್ತಂತೆ ಕಾಣಲೇ ಇಲ್ಲ. ತಾನೇ ನಡೆದು ಬರುತ್ತಿದ್ದ ಹುಡುಗನನ್ನು ಹಿಂದಿನಿಂದ ಯಾರೋ ಬಂದು ತಡೆದು ಹಿಡಿದಂತೆ ಕಂಡಿತು. ಅಳಿಸುವಾಗ ಇದ್ದ ಕಸುಬು ಈಗ ಕೂಡಿಸುವಾಗ ಎಲ್ಲಿ ಹೋಯಿತೋ. ಸುಕ್ಕಿನ ಗೆರೆ ಎಳೆದಳು, ಉಗುರು ಬಿಳಿ ಮಾಡಿದಳು, ನೆರಳು ಹಾಕಿದಳು. ನಿಜವಾಗಿ ಇದ್ದ ಕೈಗಳು ಸುಳ್ಳು ಕೈಗಳಂತೆಯೇ ಉಳಿದವು. ಬಬಲೇಶ್ವರ ತಲುಪಬೇಕಾದ ಆಮ್ರಪಾಲಿ ಬಸ್ಸಿನ ಹೊತ್ತಾಯಿತೆಂದು ಎದ್ದು ನಿಂತಾಗ ಸಮ್ರೀನ ಇದ್ದಷ್ಟನ್ನೇ ಅಂಗಡಿಯ ಪ್ರಿಂಟರಿನಲ್ಲಿ ತೆಗೆದು ಕೊಟ್ಟಳು. ಆಮ್ರಪಾಲಿ ನೋಡಿದಳು. ಸೆರಗಿನಲ್ಲಿ ಸುತ್ತಿಕೊಂಡಳು.

ಭಾಗಪ್ಪನ ಫೋನು ಬಂದದ್ದು ಮರುದಿನ, ಆಫ್ತಾಬ ರೊಟ್ಟಿ ತಿನ್ನುತ್ತಿದ್ದಾಗ. ಅವನು ಸ್ಪೀಕರ್ ಹಚ್ಚಿ ತಟ್ಟೆಯ ಪಕ್ಕ ಇಟ್ಟ.

"ಸಾಹೇಬ್ರ, ಇದೆಂಥಾ ಚಾಷ್ಟಿರಿ? ನನ್ನ ಮೊಮ್ಮಗನ ಫೋಟೋಕ್ಕ ಯಾರದೋ ಕೈ ಅಂಟಿಸಿ ಕೊಟ್ಟೀರಲ್ಲ?"

ಆಫ್ತಾಬನಿಗೆ ಗೊತ್ತಿರಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳ ಮುಖದಲ್ಲಿ ಉತ್ತರವಿತ್ತು. "ಅವು ನಿಮ್ಮ ಸೊಸಿ ಕೈ ಅಲ್ಲೇನ್ರಿ? ಆಕಿನ ಹಿಡದಿದ್ಲು. ನೀವೂ ಅಲ್ಲೇ ನಿಂತಿದ್ರಿ, ಕುಣದೂ ಕುಣದ್ರಿ" ಎಂದ.

"ಸೊಸಿ ಹಿಂದ ಸುಮ್ನ ಕುಂತಿದ್ಲರಿ, ಬೀಳತಾನೇನೋ ಅಂತ. ಹುಡುಗ ನಿಂತಿದ್ದ. ನನ್ನ ಕಣ್ಣಿಲೆ ನೋಡೀನಿ ನಾ. ಕಂಪ್ಯೂಟರಿನ್ಯಾಗ ನೀವು ಏನ ಬೇಕಾದ್ರೂ ಮಾಡ್ತೀರಿ, ಹಂಗಂತ ಬಡವನ ಮೊಮ್ಮಗನ್ನ ಕುಂಟ ಮಾಡಬ್ಯಾಡ್ರಿ. ನಾಕ ವರ್ಷ ಕಾದೀನ್ರಿ ನಾ, ಅವಾ ನಿಂದರೂದನ್ನ ನೋಡಾಕ."

ಫೋನು ಇಟ್ಟ ಮೇಲೆ ಆಫ್ತಾಬ ತಟ್ಟೆಯಲ್ಲೇ ಕೈ ತೊಳೆದ. ಬೈಯಲಿಲ್ಲ. "ಗಿರಾಕಿ ಮನ್ಯಾಗಿನ ಜಗಳದಾಗ ನಾವ ಯಾಕ?" ಎಂದಷ್ಟೇ ಅಂದು ಎದ್ದ. ತಟ್ಟೆ ಅಲ್ಲೇ ಉಳಿಯಿತು. ಸಮ್ರೀನ ಅದನ್ನು ಎತ್ತಿಕೊಂಡು ಹೋಗಿ ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಮುದುಕನಿಗೆ ಎದುರಿಗೆ ನಿಂತು ಹೇಳಿದರೆ ತಿಳಿದೀತು ಅನ್ನಿಸಿತು. ಫೋಟೋ ಮಾಡಿದವಳೇ ಹೇಳಿದರೆ ನಂಬದೆ ಏನು ಮಾಡುತ್ತಾನೆ?

ಅವಕಾಶ ಬಂದದ್ದು ತವರಿನಲ್ಲಿ ತಾಯಿಗೆ ಮೈಯಲ್ಲಿ ಸರಿಯಿಲ್ಲವೆಂಬ ನೆವದಿಂದ. ಜೀನತಳ ಶಾಲೆ, ಸಂಜೆಯ ಅಡುಗೆ, ಎರಡನ್ನೂ ಪೀರಾಂಬಿ ಒಂದು ದಿನಕ್ಕೆ ಒಪ್ಪಿಕೊಂಡಳು. "ನನಗ ಗೊತ್ತೈತಿ ನೀ ಎಲ್ಲಿ ಇಳಿತೀ ಅಂತ" ಎಂದೂ ಅಂದಳು. "ಹೋಗಿ ಬಾ. ಏನೂ ಆಗೂದಿಲ್ಲ, ಆದ್ರೂ ಹೋಗಿ ಬಾ." ಮುಂಜಾನೆಯ ರೊಟ್ಟಿಯನ್ನೂ ಸಂಜೆಯ ರೊಟ್ಟಿಯನ್ನೂ ಒಟ್ಟಿಗೇ ಬಡಿದಿಟ್ಟು, ಬುರ್ಖಾ ಹಾಕಿಕೊಂಡು ಹೊರಟ ಸಮ್ರೀನ ಕಾಖಂಡಕಿಯ ದಾರಿಯಲ್ಲೇ ಸಿಗುವ ಬಬಲೇಶ್ವರದಲ್ಲಿ ಇಳಿದಳು. ಭಾಗಪ್ಪನ ಮನೆ ಯಾವುದೆಂದು ಕೇಳಿದ್ದಕ್ಕೆ ಚಹಾದಂಗಡಿಯವನು, "ನಿಂತ ಹುಡುಗನ ಮನಿ ಏನ್ರಿ?" ಎಂದು ದಾರಿ ತೋರಿಸಿದ.

ಭಾಗಪ್ಪನ ಹೆಂಡತಿ ಪರಸವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಸೊಸಿ ಇಲ್ರಿ, ಶೆಡ್ಡಿಗೆ ಹೋಗ್ಯಾಳ. ಒಳಗ ಅಜ್ಜ ಮೊಮ್ಮಗ ಅದಾರ, ಬರ್ರಿ" ಎಂದಳು, ಮೊರ ನಿಲ್ಲಿಸದೆ.

ಒಂದೇ ಕೋಣೆ. ಒಂದು ಗೋಡೆಯ ತುಂಬ ಬ್ಯಾನರು. ಅಷ್ಟು ದೊಡ್ಡದಾಗಿ ತನ್ನ ಕೆಲಸವನ್ನು ಸಮ್ರೀನ ಎಂದೂ ನೋಡಿರಲಿಲ್ಲ. ಅವಳು ಹಾಕಿದ ನೆರಳು ಮೊಣಕೈ ಉದ್ದವಿತ್ತು. ಕುನಾಲ ಚೌಕಟ್ಟು ದಾಟಿ ನಗುತ್ತ ಬರುತ್ತಿದ್ದ. ಅದರ ಕೆಳಗೆ, ಮೂಲೆಯಲ್ಲಿ, ಎರಡು ಜೋಳದ ಚೀಲಗಳ ನಡುವೆ ಸಿಕ್ಕಿಸಿದ ಹಾಗೆ ಕುನಾಲ ನಿಂತಿದ್ದ. ನಗುತ್ತಿರಲಿಲ್ಲ. ತುದಿಬೆರಳುಗಳು ನೆಲ ಹುಡುಕುತ್ತಿದ್ದವು.

"ಬರ್ರಿ ಯವ್ವಾ, ಯಾರ್ರಿ ನೀವು?" ಎಂದ ಭಾಗಪ್ಪ.

"ತಿಕೋಟಾದಾಕಿ ಅಜ್ಜಾ, ಫೋಟೋ ಸ್ಟುಡಿಯೋದವರ ಮನ್ಯಾಕಿ. ಆ ಫೋಟೋ ಮಾಡಿದಾಕಿ ನಾನ. ಅವರಲ್ಲ, ನಾನ."

ಮುದುಕ ಅವಳನ್ನು ನೋಡಿದ, ಬ್ಯಾನರನ್ನು ನೋಡಿದ. ಎರಡೂ ಕೈ ಎತ್ತಿ ಮುಗಿದುಬಿಟ್ಟ. "ಇದನ್ನ ಮಾಡಿದ ಕೈ ನಿಮ್ಮವ ಏನ್ರಿ? ನೋಡ್ರಿ ಇಲ್ಲಿ, ಈಗ ಖರೇನ ನಿಂದರಾಕತ್ತಾನ. ನಿಮ್ಮ ಫೋಟೋ ಬಂದ ಮ್ಯಾಲ."

"ಅಜ್ಜಾ, ನನ್ನ ಮಾತ ಕೇಳ್ರಿ. ಹುಡುಗ ನಿಂತಿರಲಿಲ್ಲ. ಪೂರಾ ಭಾರ ನಿಮ್ಮ ಸೊಸಿ ಕೈ ಮ್ಯಾಲಿತ್ತು. ನಾ ಅಳಸೀನಿ. ಹಿಮ್ಮಡ ಸೈತ ನಾನ ತಿರಗಿಸೀನಿ. ವ್ಯಾಯಾಮ ಬಿಡಸಬ್ಯಾಡ್ರಿ. ಹಿಂಗ ನಿಂದ್ರಸಬ್ಯಾಡ್ರಿ, ಕಾಲ ಇನ್ನ ಕೆಡತಾವು."

ಭಾಗಪ್ಪ ತಲೆಯಾಡಿಸುತ್ತ ಕೇಳಿಸಿಕೊಂಡ. ಮಕ್ಕಳ ಮಾತಿಗೆ ಹಿರಿಯರು ತಲೆಯಾಡಿಸುವಂತೆ. "ಸೊಸಿ ಹೇಳಿ ಕಳಿಸ್ಯಾಳೇನ್ರಿ? ಆಕಿ ಚಲೋದಾಕಿನ, ಖರೆ ಅಂಜತಾಳ. ಎತ್ತಿಕೊಂಡಾಕಿಗೆ ಇಳಸಾಕ ಮನಸ ಬರೂದಿಲ್ರಿ. ಅದ ತಾಯಿ ಕರಳು. ನಮಗ ಗೊತ್ತಿಲ್ಲೇನು?"

ಚೀಲವೊಂದು ಮೆಲ್ಲಗೆ ಸರಿಯಿತು. ಕುನಾಲನ ಮೊಣಕಾಲು ಮಡಚಿತು. ಗದ್ದ ಎದೆಗಿಳಿಯಿತು. ಅಜ್ಜ ತಿರುಗಿ ನೋಡುವಷ್ಟರಲ್ಲಿ ಸಮ್ರೀನ ನೆಲಕ್ಕೆ ಕುಸಿದು ಕೂತು ಹಿಂದಿನಿಂದ ಅವನ ಕಂಕುಳಿಗೆ ಕೈ ಕೊಟ್ಟಿದ್ದಳು. ಹೆಬ್ಬೆರಳು ಮುಂದೆ, ಉಳಿದ ಬೆರಳು ಹಿಂದೆ. ಆ ಹಿಡಿತವನ್ನು ಅವಳು ಎಲ್ಲೂ ಕಲಿಯಬೇಕಿರಲಿಲ್ಲ, ಬೆರಳು ಬೆರಳಾಗಿ ಗೊತ್ತಿತ್ತು. ಗೊತ್ತಿರದಿದ್ದದ್ದು ಭಾರ. ಇಷ್ಟು ಭಾರವಿದ್ದಾನೆಂದು ಫೋಟೋದಲ್ಲಿ ಕಂಡಿರಲಿಲ್ಲ. ಹುಡುಗ ಕುತ್ತಿಗೆ ಹೊರಳಿಸಿ ಅವಳನ್ನು ನೋಡಿ, ಗುರುತಿಲ್ಲದ ಮುಖಕ್ಕೂ ನಕ್ಕ.

"ಹಾಂ! ಹಂಗ, ಹಂಗ ಹಿಡೀರಿ!" ಭಾಗಪ್ಪ ಗಡಬಡಿಸಿ ಅಂಗಿಯ ಜೇಬಿನಿಂದ ಮೊಬೈಲು ತೆಗೆದ. "ಹುಲಿ ನಕ್ಕಾನ ನೋಡ್ರಿ. ಲೇ ಕುನ್ಯಾ! ಯವ್ವಾ, ನೀವ ಒಂಚೂರ ಹಿಂದ ಬಗ್ರಿ, ನಿಮ್ಮ ಮಾರಿ ಬರಾಕತ್ತೈತಿ."

"ಅಜ್ಜಾ, ಬ್ಯಾಡ್ರಿ. ಇವನ್ನ ಎತ್ತಗೋರಿ. ನಾ ಹೋಗಬೇಕು."

"ಒಂದ, ಒಂದ ಫೋಟೋ. ಕೈ ಕಂಡ್ರೂ ನಡೀತೈತ್ರಿ" ಎಂದ ಮುದುಕ, ಮೊಬೈಲನ್ನು ದೂರ ಹಿಡಿದು ಒಂದು ಕಣ್ಣು ಮುಚ್ಚಿ. "ಆಮ್ಯಾಲ ನೀವ ಅಳಸತೀರಲ್ಲ."

ರಸ್ತೆಯಲ್ಲಿ ಕಾಖಂಡಕಿಯ ಬಸ್ಸು ಹಾರ್ನು ಹೊಡೆಯಿತು. ಸಮ್ರೀನಳ ತೋಳು ನಡುಗತೊಡಗಿದ್ದವು. ಕಟ್ಟೆಯ ಮೇಲೆ ಪರಸವ್ವನ ಮೊರದ ಸದ್ದು ನಡೆದೇ ಇತ್ತು, ಮುದುಕ ಬೆಳಕು ಸಾಲದೆಂದು ಬಾಗಿಲು ಇನ್ನಷ್ಟು ತೆರೆಯುತ್ತಿದ್ದ. ಕೈ ಬಿಟ್ಟರೆ ಹುಡುಗ ಬೀಳುತ್ತಾನೆ, ಮಲಗಿಸಿದರೆ ಅಜ್ಜ ಮತ್ತೆ ಚೀಲಗಳ ನಡುವೆ ನಿಲ್ಲಿಸುತ್ತಾನೆ. ಅವಳು ಮುಖ ತಗ್ಗಿಸಿ ಹುಡುಗನ ಬೆನ್ನಿಗೆ ಹಣೆ ಆನಿಸಿ ಹಾಗೆಯೇ ಹಿಡಿದುಕೊಂಡು ಕೂತಳು, ದ್ರಾಕ್ಷಿ ಶೆಡ್ಡಿನಿಂದ ಆಮ್ರಪಾಲಿ ಬರುವ ತನಕ.